ಹೆಡ್‌ಫೋನ್ ಹಾಕಿಕೊಂಡು ಹಸೆಗೆ ಕೂತವನು

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಗಿನ ಆರರಿಂದ ಏಳರವರೆಗೆ. ಅಷ್ಟರೊಳಗೆ ಡ್ರಮ್ ತುಂಬಿಸಿ, ಹಾಲು ಉಕ್ಕದಂತೆ ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಟ್ಟು, ಇವರ ಡಬ್ಬಿಗೆ ಚಪಾತಿ ಲಟ್ಟಿಸಬೇಕು. ಈವತ್ತೂ ಹಾಗೇ ಆಯಿತು. ಇವರು ಡಬ್ಬಿ ಮರೆತು ಲಿಫ್ಟಿನವರೆಗೆ ಹೋಗಿ ವಾಪಸು ಬಂದರು. ಮಗಳು ಮದುವೆಯ ಬ್ಲೌಸು ಇನ್ನೂ ಹೊಲಿಯದ ಟೇಲರಿನೊಡನೆ ಫೋನಿನಲ್ಲಿ ಹಿಂದಿಯಲ್ಲಿ ಜಗಳವಾಡುತ್ತ ಸ್ಟೇಷನ್ನಿಗೆ ಓಡಿದಳು. ನಾನು ತುಳಸಿಗೆ ನೀರು ಹಾಕಿ ಎರಡನೇ ಕಾಫಿಗೆ ಕೂತಿದ್ದೆ. ಬಾಗಿಲ ಬೆಲ್ ಆಯಿತು.

ಬಾಗಿಲಲ್ಲಿ ಬಿ ವಿಂಗಿನ ಆತನ ತಂಗಿ ನಿಂತಿದ್ದರು. ಆತ ತೀರಿಕೊಂಡು ಹದಿನೈದು ದಿನವಾಗಿತ್ತು. ಬಾಡಿಗೆ ಮನೆ ಖಾಲಿ ಮಾಡಿಕೊಡಲು ಅವರು ಬೆಳಗಾವಿಯಿಂದ ಬಂದಿದ್ದರು. ಸೆರಗಿನ ಅಂಚಿಗೆಲ್ಲ ಧೂಳು. ಕೈಯಲ್ಲಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಅದರಲ್ಲಿ ಅಂಗೈ ಅಗಲದ ಕಪ್ಪು ಹಾರ್ಡ್‌ಡಿಸ್ಕುಗಳು ಸಾಬೂನಿನ ಹಾಗೆ ಒಂದರ ಮೇಲೊಂದು.

"ಅಕ್ಕಾರ, ನೀವು ಕನ್ನಡದಾವ್ರು ಅಂತ ಕೇಳ್ತೀನ್ರಿ," ಅಂದರು. "ನಮ್ಮಣ್ಣ ಇದರಾಗ ಮಂದಿ ದನಿ ತುಂಬಿ ಇಡ್ತಿದ್ದ. ನಿಮ್ಮದೇನರೆ ಇದ್ರ ತಗೋರಿ. ಇಲ್ಲಾಂದ್ರ ಮಧ್ಯಾಹ್ನ ಗುಜರಿ ಸಾಮಾನು ಒಯ್ಯೋ ಭಂಗಾರದವ ಬರ್ತಾನ, ಅವಗ ಹಾಕಿಬಿಡ್ತೀನಿ."

ನಾನು ಪೆಟ್ಟಿಗೆಯನ್ನು ಮುಟ್ಟಲಿಲ್ಲ. "ನಮ್ಮದೇನೂ ಅದರಲ್ಲಿಲ್ಲ. ಅಳಿಸಿ ಹಾಕಿದ್ದೀನಿ ಅಂತ ನಿಮ್ಮಣ್ಣನೇ ಎರಡು ಸಲ ಹೇಳಿದಾರೆ. ಭಂಗಾರಕ್ಕೇ ಹಾಕಿ, ಅದಕ್ಕೆ ಅದೇ ಸರಿ," ಅಂದೆ.

ಅವರ ಮುಖ ಸಣ್ಣದಾಯಿತು. ಕಾಫಿ ಕೊಡಲೇ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದರು. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ನಮಗೆ ಕಲಿಸಿದ್ದೆಂದರೆ ದನಿ ಏರಿಸಬಾರದು ಅನ್ನುವುದೊಂದೇ. ಆತನೆದುರು ನಾನು ಒಮ್ಮೆಯೂ ಏರಿಸಲಿಲ್ಲ. ಈವತ್ತು ಆತನ ತಂಗಿಯ ಮೇಲೆ ಏರಿಸಿದೆ. ಬಾಗಿಲು ಹಾಕಿ, ಆರಿದ ಕಾಫಿಯನ್ನು ಹಾಗೇ ಕುಡಿದೆ. ಒಳಗೆ ಒಂದು ಬಗೆಯ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಹೆಸರು ಬರೆಯದೆ ಬಿಡುತ್ತಿದ್ದೇನೆ, ನನ್ನಿಂದ ಆಗುವುದು ಅಷ್ಟೇ.

ಆತ ವಿಡಿಯೋ ಗೇಮುಗಳಿಗೆ ಸಂಗೀತ ಮಾಡುತ್ತಿದ್ದ. ಜೋಗೇಶ್ವರಿಯಲ್ಲಿ ಸ್ಟೀಲ್ ಡಬ್ಬಿಗಳಿಗೆ ಪಾಲಿಶ್ ಹಾಕುವ ಗಾಲಾಗಳ, ಅಂದರೆ ಒಂದೊಂದೇ ಕೋಣೆಯ ಸಣ್ಣ ಕಾರ್ಖಾನೆಗಳ, ನಡುವೆ ಏಳೆಂಟು ಜನ ಕೂತು ಫೋನಿನ ಆಟಗಳನ್ನು ತಯಾರಿಸುವ ಒಂದು ಜಾಗವಿತ್ತಂತೆ. ಚಿತ್ರ ಅವರದು, ಸದ್ದು ಈತನದು. ವಾರದಲ್ಲಿ ಒಂದು ದಿನ ಅಲ್ಲಿಗೆ ಹೋಗಿಬಂದರೆ ಉಳಿದ ದಿನವೆಲ್ಲ ಬಿ ವಿಂಗಿನ ನಾಲ್ಕನೇ ಮಹಡಿಯಲ್ಲಿ, ಕಿಟಕಿಗಳಿಗೆ ಹಳೇ ರಜಾಯಿ ಹೊಡೆದುಕೊಂಡು ಕೂತಿರುತ್ತಿದ್ದ. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಕೊರಳಲ್ಲಿ ಸದಾ ಹೆಡ್‌ಫೋನ್, ಎತ್ತಿನ ನೊಗದ ಹಾಗೆ. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟುಕೊಂಡು ಕಂಡದ್ದನ್ನೆಲ್ಲ ಕುಟ್ಟಿ ನೋಡುತ್ತಿದ್ದ: ಲಿಫ್ಟಿನ ಜಾಲರಿ, ನಾನು ಕೊಟ್ಟ ಕಾಫಿ ಲೋಟ, ಒಮ್ಮೆ ನಮ್ಮ ಸೊಸೈಟಿ ಸೆಕ್ರೆಟರಿಯ ಹೆಲ್ಮೆಟ್ಟು, ಅದು ಅವರ ತಲೆಯ ಮೇಲಿದ್ದಾಗಲೇ.

ಮೊದಲ ಸಲ ನನ್ನನ್ನು ಮಾತಾಡಿಸಿದ್ದು ಗೇಟಿನ ಪಕ್ಕದ ಸಿಮೆಂಟು ಬೆಂಚಿನಲ್ಲಿ. ನಮ್ಮ ಜೊತೆಗಿದ್ದ ನನ್ನ ಅಮ್ಮ ಮಧ್ಯಾಹ್ನ ಮಲಗಿದಾಗ ನಾನು ಅಲ್ಲಿ ಕೂತು ಫೋನಿನಲ್ಲಿ ಒಂದು ಆಟ ಆಡುತ್ತಿದ್ದೆ. ಮರಳುಗಾಡಿನಲ್ಲಿ ಒಂದು ಪುಟ್ಟ ನರಿ ತನ್ನ ಗುಹೆ ಹುಡುಕುತ್ತ ಹೋಗುವ ಆಟ. ಮದುವೆಗೆ ಬಂದ ಮಗಳಿರುವ ಹೆಂಗಸು ಗೇಮ್ ಆಡುತ್ತಾಳೆಂದು ಯಾರಿಗೂ ತಿಳಿಯದಿರಲಿ ಎಂದು ಸದ್ದು ಪೂರ್ತಿ ಮುಚ್ಚಿರುತ್ತಿದ್ದೆ. ಆತ ಹಿಂದಿನಿಂದ ಬಂದು ನನ್ನ ಕೈಯಿಂದಲೇ ಫೋನ್ ಕಸಿದು, ಪಕ್ಕದ ಗುಂಡಿ ಒತ್ತಿ ಸದ್ದು ಏರಿಸಿದ.

"ಸದ್ದು ಮುಚ್ಚಿ ಆಡೋದಂದ್ರ ಮೂಗು ಹಿಡಕೊಂಡು ಉಂಡಂಗ್ರಿ ಅಕ್ಕಾರ. ಹೊಟ್ಟಿ ತುಂಬತೈತಿ, ಏನ್ ಉಂಡೆ ಅಂತ ಗೊತ್ತಾಗಂಗಿಲ್ಲ."

ಗೇಟಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಾಚ್‌ಮನ್ ನಕ್ಕ. ನನ್ನ ಕೆನ್ನೆ ಬಿಸಿಯಾಯಿತು. ಆದರೆ ಇದನ್ನೂ ಬರೆಯಬೇಕು: ಫೋನಿನಿಂದ ಗಾಳಿಯ ಸದ್ದು ಬಂತು, ಅದರೊಳಗಿಂದ ಒಂದು ಒಂಟಿ ಕೊಳಲು. ಅಲ್ಲಿಯವರೆಗೆ ನಾನು ಆ ನರಿಯನ್ನು ಓಡಿಸುತ್ತಿದ್ದೆ. ಅವತ್ತು ಅದು ನಡೆಯಿತು. ಒಂದು ಬಂಡೆಯ ಹತ್ತಿರ ಸುಮ್ಮನೆ ನಿಂತೂ ನಿಂತಿತು. ಬಂಡೆ ದಿನವೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ.

ಅದಾದ ಮೇಲೆ ಆತ ನಮ್ಮ ಮನೆಗೆ ಬರತೊಡಗಿದ, ಯಾರೂ ಕರೆಯದೆ. ಕೈಯಲ್ಲಿ ಬೂದುಬಣ್ಣದ ತುಪ್ಪಳ ಸುತ್ತಿದ ಮೈಕು, ಸತ್ತ ಇಲಿಯ ಹಾಗೆ. ಕುಕ್ಕರಿನ ಸೀಟಿ ಬೇಕು, ಕಾಯಿ ತುರಿಯುವ ಸದ್ದು ಬೇಕು, ಚಕ್ಕುಲಿ ಒರಳು ತಿರುಗಿಸಿದರೆ ಕಿರ್ರೆನ್ನುತ್ತದಲ್ಲ ಅದು ಬೇಕು. ನನ್ನ ಅಡುಗೆಮನೆಯಲ್ಲಿ ನಿಂತು ನನಗೇ ಅಪ್ಪಣೆ. "ಫ್ಯಾನ್ ಆರಿಸ್ರಿ. ನಳ ಬಂದ್ ಮಾಡ್ರಿ. ಬಳಿ ತಗೀರಿ."

ಒಳಗಿದ್ದ ಅಮ್ಮನಿಗೆ ಇದು ಕೇಳಿತು. "ಬಳೆ ತೆಗಿ ಅಂತ ಮುತ್ತೈದೆಗೆ ಯಾವ ಬಾಯಲ್ಲಿ ಹೇಳ್ದೆಯಪ್ಪ?" ಅಂದಳು.

"ಸದ್ದಾಗತಾವ್ರಿ ಅಜ್ಜಿ," ಅಂದ. ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ನಾನು ಬಳೆಗಳ ಮೇಲೆ ಕರ್ಚೀಫು ಕಟ್ಟಿಕೊಂಡು ಒರಳು ತಿರುಗಿಸಿದೆ. ಫ್ರಿಜ್ ಆರಿಸಿ ಅಂದದ್ದಕ್ಕೆ ಮಾತ್ರ ಒಪ್ಪಲಿಲ್ಲ, ಒಳಗೆ ಎರಡು ದಿನದ ಹಾಲಿತ್ತು. ಅದರ ಗುಂಯ್ ಅನ್ನುವ ಸದ್ದು ಎಲ್ಲದರ ಹಿಂದೆ ಬರುತ್ತದೆಂದು ಗೊಣಗಿದ.

ಒಂದು ತಿಂಗಳಾದ ಮೇಲೆ ಟ್ಯಾಬ್ ತಂದು ಮುಂದಿಟ್ಟ. ಹೊಸ ಆಟ. ಒಬ್ಬ ಹುಡುಗಿ ಲಾಟೀನು ಹಿಡಿದು ಒಂದು ಹಳೇ ಮೆಟ್ಟಿಲುಬಾವಿಗೆ ಇಳಿಯುತ್ತಾಳೆ. ಅರ್ಧಕ್ಕೆ ಒಂದು ಬಾಗಿಲು. ಆಡುವವರ ಮುಖವನ್ನು ಆತ ನೋಡುತ್ತಿರಲಿಲ್ಲ, ಹೆಬ್ಬೆರಳನ್ನು ನೋಡುತ್ತಿದ್ದ. ನಾನು ಬಾಗಿಲು ತೆಗೆದೆ. ಒಳಗೊಂದು ಖಾಲಿ ಕೋಣೆ, ಒಂದು ಕೊಡ. ಆತ ಸದ್ದು ಹಾಕಿ, "ಮತ್ತೊಮ್ಮೆ ಆಡ್ರಿ," ಅಂದ. ಅದೇ ಬಾವಿ, ಅದೇ ಬಾಗಿಲು. ಈ ಸಲ ಕೆಳಗಿನಿಂದ ಒಂದು ತಗ್ಗಿನ ಸ್ವರ ಸಣ್ಣಗೆ ಹಿಡಿದುಕೊಂಡಿತ್ತು, ನಿಲ್ಲುತ್ತಲೇ ಇರಲಿಲ್ಲ. ಬಾಗಿಲು ಮುಟ್ಟಿದಾಗ ಏನೋ ಕಿರ್ರೆಂದಿತು. ನನ್ನ ಹೆಬ್ಬೆರಳು ಹಿಂದೆ ಬಂತು. ತೆಗೆಯಲಿಲ್ಲ. ಒಳಗೆ ಕೊಡ ಮಾತ್ರ ಇರುವುದು ಎಂದು ಗೊತ್ತಿದ್ದೂ ತೆಗೆಯಲಿಲ್ಲ.

ಆತ ತೊಡೆ ತಟ್ಟಿಕೊಂಡು ನಕ್ಕ. "ನಿಮ್ಮ ಮನಿ ಚಕ್ಕಲಿ ಒರಳಿಗೇ ಅಂಜಿದ್ರಲ್ರಿ ಅಕ್ಕಾರ."

ಹೆದರಿಕೆ ಚಿತ್ರದಲ್ಲಿರುವುದಿಲ್ಲ, ಸದ್ದಿನಲ್ಲಿರುತ್ತದೆ; ನೋಡುವುದಕ್ಕೆ ಕಣ್ಣು, ನಂಬುವುದಕ್ಕೆ ಕಿವಿ. ಹೀಗೆ ಏನೇನೋ ಹೇಳುತ್ತಿದ್ದ. ಹೇಳಿದ್ದು ನಿಜವೇ ಇರಬಹುದು. ಆದರೆ ನಿಜವನ್ನು ಇನ್ನೊಬ್ಬರ ಮೈಮೇಲೆ ಪ್ರಯೋಗ ಮಾಡಿ ನಗುವವರನ್ನು ನಾನು ಒಳ್ಳೆಯವರೆನ್ನಲಾರೆ. ವಾಚ್‌ಮನ್ನಿಗೂ ಹೀಗೇ ಮಾಡಿದ. ಅವನಿಗೆ ಆಡಲು ಕೊಟ್ಟ ದೆವ್ವದ ಮನೆಯ ಆಟದಲ್ಲಿ, ಅವನಿಗೆ ಹೇಳದೆ, ನಮ್ಮದೇ ಸೊಸೈಟಿಯ ನೀರಿನ ಮೋಟಾರಿನ ಸದ್ದನ್ನು ತಗ್ಗಿಸಿ ಹಾಕಿದ್ದ. ಆ ಬಡಪಾಯಿ ಮೂರು ವಾರ ಪಂಪ್‌ರೂಮಿಗೆ ಇಳಿಯಲಿಲ್ಲ. ಯಾಕೆ ಹೆದರಿಕೆಯಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಮೋಟಾರು ಹಾಕಲು ಸೆಕ್ರೆಟರಿ ಪೈಜಾಮ ಮಡಿಸಿಕೊಂಡು ಇಳಿಯುತ್ತಿದ್ದರು. ಸೊಸೈಟಿ ಮೀಟಿಂಗಿನಲ್ಲಿ ಆತ ಇದನ್ನು ತಾನೇ ಎದ್ದು ನಿಂತು ಹೇಳಿದ, ಬಹುಮಾನ ಬಂದವನ ಹಾಗೆ.

ಇನ್ನು ಅಮ್ಮನ ಹಾಡು.

ನಮ್ಮಮ್ಮ ಮೈಸೂರಿನ ಕಡೆಯವಳು. ಅವಳ ಅಜ್ಜಿ ಕಟ್ಟಿದ ಒಂದು ಹಸೆ ಹಾಡು ಅವಳೊಬ್ಬಳಿಗೇ ಬರುತ್ತಿತ್ತು. ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡು. ನಾಲ್ಕು ನುಡಿ, ಕೊನೆಗೆ ಅದರದೇ ಒಂದು ಮಂಗಳ. ಮಂಗಳ ಹಾಡುತ್ತ ಆರತಿ ಎತ್ತಿದ ಮೇಲೇ ಕೂತವರು ಏಳಬೇಕು. ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ, ಬೇರೆ ಮಂಗಳ ಜೋಡಿಸುವ ಹಾಗೂ ಇಲ್ಲ. ನಾನು ಕಲಿಯಲಿಲ್ಲ. ಸ್ಕೂಲಿನ ಕಾಯರ್‌ನಲ್ಲಿ ಎರಡನೇ ಸಾಲಿನಲ್ಲಿ ನಿಂತು ಇಂಗ್ಲಿಷ್ ಹಾಡು ಹೇಳುತ್ತಿದ್ದವಳಿಗೆ ಅಮ್ಮನ ಹಾಡು ನೆಂಟರೆದುರು ನಾಚಿಕೆ ತರಿಸುತ್ತಿತ್ತು. ಅದು ನನ್ನ ತಪ್ಪು, ಅದನ್ನು ಆತನ ತಲೆಗೆ ಕಟ್ಟುವುದಿಲ್ಲ.

ಒಂದು ಮಧ್ಯಾಹ್ನ ಅಮ್ಮ ಅಕ್ಕಿ ಆರಿಸುತ್ತ ಅದರ ರಾಗ ಗುನುಗುತ್ತಿದ್ದಳು. ಆತ ತುಟಿಯ ಮೇಲೆ ಬೆರಳಿಟ್ಟು ನನ್ನ ಬಾಯಿ ಮುಚ್ಚಿಸಿ ಒಳಗೆ ಹೋದ. "ಅಜ್ಜಿ, ಇದನ್ನ ಪೂರಾ ಹಾಡ್ರಿ."

"ಹಾಗೆಲ್ಲ ಹಾಡೋ ಹಾಡಲ್ಲಪ್ಪ ಇದು. ಹಸೆ ಮೇಲೆ ಯಾರಾದ್ರೂ ಕೂತಿರಬೇಕು. ಖಾಲಿ ಮಣೆಗೆ ಹಾಡಬಾರದು."

"ನಾನ ಕೂಡ್ತೀನಿ ತಗೋರಿ."

ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಆಮೇಲೆ ಅವಳೇ ಅಟ್ಟದಿಂದ ಮಣೆ ಇಳಿಸಲು ಹೇಳಿದಳು. ಮುಂದೆ ಎರಡೆಳೆ ರಂಗೋಲಿ ಹಾಕಿಸಿದಳು. ಅಪ್ಪ ಹೋದ ಮೇಲೆ ಅಮ್ಮ ಆರತಿ ತಟ್ಟೆ ಮುಟ್ಟುತ್ತಿರಲಿಲ್ಲ, ಅದಕ್ಕೆ ಇಬ್ಬರು ಬೇಕಲ್ಲ ಎಂದು ಬಿ ವಿಂಗಿನಿಂದ ಸುಶೀಲಕ್ಕನನ್ನು ಕರೆಸಿದಳು. ಮಂಗಳೂರು ಕಡೆಯ ಸುಶೀಲಕ್ಕನ ಮನೆಗೂ ಆತನ ಮನೆಗೂ ನಡುವೆ ಒಂದೇ ಗೋಡೆ. ನಾವಿಬ್ಬರೂ ಅರಿಸಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ಹಿಡಿದು ನಿಂತೆವು. ಎದುರಿಗೆ ಆತ, ಹಣೆಗೆ ಕುಂಕುಮ, ಕಿವಿಗೆ ಹೆಡ್‌ಫೋನ್, ಮಡಿಸಿದ ಮಂಡಿಯ ಮೇಲೆ ಆ ಇಲಿಮೈಕು. ಸುಶೀಲಕ್ಕನಿಗೆ ನಗು ತಡೆಯಲಾಗದೆ ತಟ್ಟೆಯ ನೀರು ತುಳುಕುತ್ತಿತ್ತು.

ಅಮ್ಮ ಹಾಡಿದಳು. 'ಬಳೆಯ ಸದ್ದೇ ದಾರಿ ತೋರಲಿ, ಹಸೆಗೆ ಬಾ ಮಗಳೆ' ಎಂದು ಮೊದಲ ನುಡಿ. ಕೂತವನು ಗಂಡಸಾದ್ದರಿಂದ 'ಹಸೆಗೆ ಬಾ ಮಗನೆ' ಎಂದು ಬದಲಾಯಿಸಿ ಹಾಡಿದಳು. ನಾಲ್ಕೂ ನುಡಿ, ಮಂಗಳ, ಎಲ್ಲ ಮುಗಿಯಿತು. ನಾವು ಆರತಿ ಎತ್ತಿ ತಟ್ಟೆ ಕೆಳಗಿಟ್ಟೆವು. ಆತ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತೇ ಇದ್ದ.

"ಏಳಪ್ಪ, ಮುಗೀತು," ಅಂದಳು ಅಮ್ಮ.

"ತಡೀರಿ ಅಜ್ಜಿ. ಹಾಡಾದ ಮ್ಯಾಲಿನ ಮೌನಾನೂ ಒಂದಿಷ್ಟು ಹಿಡೀಬೇಕು. ನಮ್ಮ ಕೆಲಸದಾಗ ಅದು ಬೇಕಾಗತೈತಿ." ಮತ್ತಷ್ಟು ಹೊತ್ತು ಕೂತು, ಎದ್ದು, ತಂತಿ ಸುತ್ತಿಕೊಂಡು ಹೊರಟುಹೋದ. ಅಮ್ಮನ ಕಾಲಿಗೆ ನಮಸ್ಕಾರ ಕೂಡ ಮಾಡಲಿಲ್ಲ.

ಆ ಬಾವಿಯ ಆಟ ಹೊರಗೆ ಬಂದದ್ದು ಮರುವರ್ಷ. ಮಗಳು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾ, ಸುನೋ ನಾ. ಇದು ಅಜ್ಜಿ ವಾಯ್ಸ್ ಅಲ್ವಾ?"

ಅಮ್ಮನದೇ ದನಿ. ಬಾವಿಯ ತಳದಿಂದ ಬರುವಂತೆ ಮಾಡಿದ್ದ. ಮೂರು ನುಡಿ ಮುಗಿಯುತ್ತಿದ್ದಂತೆ ಎಲ್ಲಿ ಕತ್ತರಿಸಿದನೆಂದೇ ತಿಳಿಯದ ಹಾಗೆ ಮತ್ತೆ ಮೊದಲ ನುಡಿ. ಮತ್ತೆ ಮೂರು, ಮತ್ತೆ ಒಂದು. 'ಮಗನೆ' ಅನ್ನುವ ಕಡೆ ಮಾತ್ರ ಒಂದು ಗಂಟೆಯ ಸದ್ದು ಹೊಡೆದು ಆ ಮಾತನ್ನು ಮುಚ್ಚಿದ್ದ. ಅಮ್ಮ ಫೋನನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು.

"ಮಂಗಳ ಎಲ್ಲೇ?" ಅಂದಳು. "ಯಾರನ್ನೋ ಹಸೆ ಮೇಲೆ ಕೂರಿಸಿ, ಎಬ್ಬಿಸದೆ ಬಿಟ್ಟುಬಂದ ಹಾಗಾಯ್ತಲ್ಲೇ."

ಅವತ್ತೇ ಬಿ ವಿಂಗಿಗೆ ಹೋದೆ. ಆತ ಒಳಗೆ ಕರೆಯಲಿಲ್ಲ. ಜಾಲರಿ ಬಾಗಿಲ ಹಿಂದೆ ನಿಂತೇ ಮಾತಾಡಿದ. "ಮುಗಿಯೋ ಹಾಡು ಗೇಮಿಗೆ ಬರಂಗಿಲ್ರಿ ಅಕ್ಕಾರ. ಹಾಡು ಮುಗೀತಂದ್ರ ಆಡೋರಿಗೆ ಎಚ್ಚರಾಗತೈತಿ, ಫೋನ್ ಕೆಳಗಿಡ್ತಾರ. ಸುತ್ತತಾ ಇರಬೇಕು. ಸುತ್ತತಾ ಇದ್ರ ಬಾವಿ ಬಿಟ್ಟು ಮ್ಯಾಲ ಬರಾಕ ಮನಸಾಗಂಗಿಲ್ಲ."

"ಆಟದಲ್ಲಿ ಹೇಗಾದರೂ ಇರಲಿ. ಅಮ್ಮ ಪೂರ್ತಿ ಹಾಡಿದ್ದು ಒಂದು ಕಾಪಿ ಕೊಡಿ, ಸಾಕು," ಅಂದೆ.

"ಅಳಸೀನ್ರಿ. ಎಲ್ಲಾನೂ ಎಲ್ಲಿ ಇಟ್ಕೊಂಡು ಕುಂಡ್ರೂದು."

ಮನೆಗೆ ಬಂದು ಹೇಳಿದೆ. "ಹೋಗ್ಲಿ ಬಿಡು, ದೀಪಾವಳಿ ಕಳೀಲಿ, ನಾನೇ ಹೇಳಿಕೊಡ್ತೀನಿ, ಬರಕೋ," ಅಂದಳು ಅಮ್ಮ. ದೀಪಾವಳಿಗೆ ನಾಲ್ಕು ದಿನವಿರುವಾಗ ಅವಳಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾನು ಹಾಡಿನ ಮೊದಲ ಮಾತು ಹೇಳಿದರೆ ಎಡಗೈಯಲ್ಲಿ ಹಾಸಿಗೆಯ ಮೇಲೆ ತಾಳ ಹಾಕುತ್ತಿದ್ದಳು. ಮೊದಲ ನುಡಿ ದಾಟಿದರೆ ನನಗೆ ಮುಂದಕ್ಕೆ ಬಾರದು, ಅವಳ ತಾಳ ಮಾತ್ರ ನಿಲ್ಲುತ್ತಿರಲಿಲ್ಲ. ಕಣ್ಣು ನನ್ನ ತುಟಿಯ ಮೇಲೇ. ಎರಡನೇ ಸಲ ಆತನ ಬಾಗಿಲಿಗೆ ಹೋದಾಗ ನಾನು ಹೆಚ್ಚುಕಡಿಮೆ ಕೈ ಮುಗಿದಿದ್ದೆ. ಹೆಡ್‌ಫೋನನ್ನು ಒಂದು ಕಿವಿಯಿಂದ ಸ್ವಲ್ಪ ಸರಿಸಿ, "ಇಲ್ಲಂತ ಹೇಳೇನಲ್ರಿ," ಅಂದ. ಬಾಗಿಲು ಹಾಕಿಕೊಂಡ. ಹೀಗೆ ಬೇಡಿ ಬಂದದ್ದನ್ನು ನಾನು ಬಿಲ್ಡಿಂಗಿನಲ್ಲಿ ಯಾರಿಗೂ ಹೇಳಲಿಲ್ಲ.

ಮಾಘದಲ್ಲಿ ಅಮ್ಮ ಹೋದಳು. ವೈಕುಂಠ ಸಮಾರಾಧನೆಯ ದಿನ ಆತ ಬಂದಿದ್ದ. ಊಟಕ್ಕೆ ಕೂರಲಿಲ್ಲ. ಫ್ರಿಜ್ಜಿನ ಪಕ್ಕ ನಿಂತು ಅದರ ಬಾಗಿಲನ್ನು ಉಗುರಿನಿಂದ ಒಮ್ಮೆ ಕುಟ್ಟಿ, "ಇದರ ಶ್ರುತಿ ಇಳದೈತ್ರಿ. ಮೊದಲ ಹಿಂಗಿರಲಿಲ್ಲ," ಎಂದು ಹೇಳಿ ಹೋದ. ತಾಯಿ ಸತ್ತ ಮನೆಯಲ್ಲಿ ಒಬ್ಬ ಮನುಷ್ಯ ಆಡಿದ ಮಾತು ಇದು. ಇವರು, ಹೋಗಲಿ ಬಿಡು, ಅವನ ತಲೆ ಸರಿಯಿಲ್ಲ ಅಂದರು. ತಲೆ ಸರಿಯಾಗೇ ಇತ್ತು.

ಮಗಳ ಮದುವೆ ಬರುವ ತಿಂಗಳು. ಅಜ್ಜಿಯ ಹಾಡೇ ಬೇಕು ಅನ್ನುತ್ತಾಳೆ. ಮಾತಿನಲ್ಲಿ ಅರ್ಧ ಕನ್ನಡವೂ ಇಲ್ಲದ ಹುಡುಗಿ, ಇದೊಂದು ವಿಷಯದಲ್ಲಿ ಹಟ. ಅದಕ್ಕೆ ನಾನು ಮಾಡಿದ್ದನ್ನು ಬರೆಯಲು ಅವಮಾನವಾಗುತ್ತದೆ: ಆತನ ಆಟವನ್ನೇ ಆಡಿದೆ. ಎರಡು ತಿಂಗಳಿಂದ ದಿನವೂ ಮಧ್ಯಾಹ್ನ ಆ ಬೆಂಚಿನಲ್ಲಿ ಕೂತು ಲಾಟೀನಿನ ಹುಡುಗಿಯನ್ನು ಬಾವಿಗೆ ಇಳಿಸುತ್ತೇನೆ. ಇಳಿದಷ್ಟೂ ಸಂಗೀತ ದಪ್ಪವಾಗುತ್ತದೆ. ಮೊದಲು ನೀರು, ಆಮೇಲೆ ತಂಬೂರಿ, ಆಮೇಲೆ ಎಲ್ಲೋ ದೂರದಲ್ಲಿ ತಮಟೆ. ಹುಡುಗಿಯನ್ನು ಒಂದು ಮೆಟ್ಟಿಲ ಮೇಲೆ ನಿಲ್ಲಿಸಿ, ಏನನ್ನೂ ಮುಟ್ಟದೆ ಬಿಟ್ಟರೆ ಒಂದೊಂದೇ ಕಳಚಿಕೊಳ್ಳುತ್ತದೆ. ಹತ್ತು ಹನ್ನೆರಡು ಉಸಿರಾದ ಮೇಲೆ ಬಾವಿಯ ಗುಂಯ್‌ಗುಟ್ಟುವಿಕೆಯೂ ಹೋಗಿ ಅಮ್ಮನ ದನಿಯೊಂದೇ ಉಳಿಯುತ್ತದೆ. ಅಮ್ಮನ ದನಿ, ಹಿಂದೆ ಸಣ್ಣಗೆ ನಮ್ಮ ಫ್ರಿಜ್ಜು. ಆಡುವವರು ಎದ್ದು ಹೋಗದಿರಲಿ ಎಂದು ಹೂಡಿದ ಉಪಾಯ, ಬೇರೇನಲ್ಲ. ಉಪಾಯವೆಂದು ಗೊತ್ತಿದ್ದೂ ನಾನು ಏಳುವುದಿಲ್ಲ. ಆ ಹುಡುಗಿಯನ್ನು ಎಷ್ಟೋ ಸಲ ಮೆಟ್ಟಿಲ ಮೇಲೇ ನಿಲ್ಲಿಸಿ, ಫೋನಿನ ಬ್ಯಾಟರಿ ಮುಗಿಯುವವರೆಗೆ ಕೂತಿದ್ದೇನೆ.

ಹಾಗೆ ಮೂರು ನುಡಿ ಕಲಿತೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಕೆಳಗೆ 'ನಾಲ್ಕು' ಎಂದು ಬರೆದು ಗೆರೆ ಎಳೆದಿದ್ದೇನೆ, ಅದರ ಕೆಳಗೆ 'ಮಂಗಳ' ಎಂದು. ಎರಡೂ ಖಾಲಿ. ಹಸೆಯ ಮೇಲೆ ಕೂತ ನನ್ನ ಮಗಳನ್ನು ಏನು ಹಾಡಿ ಎಬ್ಬಿಸಲಿ ಅನ್ನುವುದು ನನಗೆ ತಿಳಿಯದೆ ಹೋದದ್ದು ಆತನಿಂದ.

ಮಧ್ಯಾಹ್ನ ಎರಡರ ಸುಮಾರಿಗೆ ಅಡುಗೆಮನೆಯ ಕಿಟಕಿಯಿಂದ ಭಂಗಾರದವನ ಕೈಗಾಡಿ ಕಂಡಿತು. ಸುರುಳಿ ಸುತ್ತಿದ ರಜಾಯಿಗಳು, ಒಂದು ಕಾಲು ಮುರಿದ ಕುರ್ಚಿ, ಎಲ್ಲದರ ಮೇಲೆ ಆ ಬಿಸ್ಕತ್ತಿನ ಪೆಟ್ಟಿಗೆ. ಪೆಟ್ಟಿಗೆಯಿಂದ ಒಂದು ಬಿಳೀ ತಂತಿ ಹೊರಗೆ ಜೋತು ಚಕ್ರಕ್ಕೆ ತಾಗುತ್ತಿತ್ತು. ಗಾಡಿ ಗೇಟು ದಾಟಿ ಬಲಕ್ಕೆ ತಿರುಗಿತು. ಅದರ ಹಿಂದೆಯೇ ಆತನ ತಂಗಿ ಒಂದು ಬ್ಯಾಗು ಹಿಡಿದು ರಿಕ್ಷಾ ಹತ್ತಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

ಸಂಜೆ ಮೆಂತ್ಯದ ಸೊಪ್ಪು ಬಿಡಿಸಿಕೊಂಡು ಬೆಂಚಿನಲ್ಲಿ ಕೂತಿದ್ದೆ. ಸುಶೀಲಕ್ಕ ತಡವಾಗಿ ಇಳಿದು ಬಂದರು. ಪಕ್ಕದಲ್ಲಿ ಕೂತು, ನನ್ನ ಕಟ್ಟಿನಿಂದಲೇ ಒಂದು ಹಿಡಿ ಸೊಪ್ಪು ತಗೊಂಡು ಬಿಡಿಸತೊಡಗಿದರು.

"ಇವತ್ತೂ ಚಾ ಲೇಟ್ ಆಯ್ತು ಮಾರಾಯ್ತಿ," ಅಂದರು. "ಪಕ್ಕದ ಮನೆಯವರು ಹೋದ ಮೇಲೆ ನಮ್ಮಲ್ಲಿ ಚಾಕ್ಕೆ ಹೊತ್ತುಗೊತ್ತೇ ಇಲ್ಲ. ದಿನಾ ನಾಲ್ಕು ಗಂಟೆಗೆ ಗೋಡೆಯ ಆಚೆ ನಿಮ್ಮ ಅಮ್ಮನ ಹಾಡು ಇಡ್ತಿದ್ರಲ್ಲ, ಕೊನೆಗೆ ಆ ಮಂಗಳ ಶುರುವಾಗುವಾಗ ನಾನು ಗ್ಯಾಸ್ ಹಚ್ಚುವುದು. 'ಏಳಪ್ಪ, ಮುಗೀತು' ಅಂತ ಅಮ್ಮ ಹೇಳುವಾಗ ಕರೆಕ್ಟಾಗಿ ಕುದಿ ಬರ್ತಿತ್ತು."